ಬಾಕಿ ಚಿಲ್ಲರೆ

ಮೊದಲನೆಯದು ಗೋಪಾಳದಲ್ಲಿ. ಗಾಜಿನ ಬಾಗಿಲು,
ಚಪ್ಪಲಿ ಬಿಡಲು ನಂಬರು ಹಾಕಿದ ಗೂಡು.
ಮ್ಯಾನೇಜರ್ ಫಾರಂ ಸರಿಸಿ ಕೇಳಿದ:
ನೀವು ಇವರಿಗೆ ಏನಾಗಬೇಕು?

ಕಂಡಕ್ಟರ್, ಅಂದೆ.
ಅಲ್ಲ, ಸಂಬಂಧ, ಅಂದ.
ಇಪ್ಪತ್ತಾರು ವರ್ಷ, ಅಂದೆ.
'ಇತರೆ' ಎಂಬಲ್ಲಿ ಗೀಟು ಎಳೆದ.

ಪಾಸ್ಕಲಣ್ಣ ಪಕ್ಕದ ಕುರ್ಚಿಯಲ್ಲಿ
ಬಲಗಾಲ ತುದಿಯಿಂದ ನೆಲ ಒತ್ತುತ್ತಿದ್ದ, ಬಿಡುತ್ತಿದ್ದ.
ಅದು ಬ್ರೇಕೆಂದು ನನಗೊಬ್ಬನಿಗೇ ಗೊತ್ತು.
ಆಗುಂಬೆ ಘಾಟಿ ಇಳಿಯುತ್ತಿದ್ದಾನೆ,
ಏಳನೆಯ ತಿರುವಲ್ಲಿ ಯಾರೋ ಹಾರ್ನ್ ಹಾಕದೆ
ಎದುರು ಬರುತ್ತಿರಬೇಕು.

ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಡೈಪರಿಗೆ ಬೇರೆ.
ಟೀವಿ ಇದೆ, ಫಿಸಿಯೋ ಇದೆ, ಗದ್ದಲವಿಲ್ಲ.
ಮಂಚದ ಬಳಿಯ ಬೆಲ್ ಒತ್ತಿದೆ, ಹಳೇ ಚಾಳಿ.
ಎಲ್ಲೋ ದೂರ ಸದ್ದಾಯಿತು.
ಐದು ನಿಮಿಷ ನಿಂತೆ. ಯಾರೂ ಬರಲಿಲ್ಲ.
ಊಟದ ಹೊತ್ತಲ್ಲವಾ ಸರ್, ಅಂದ.
ಆಗ ಗಂಟೆ ನಾಲ್ಕೂ ಕಾಲು.

ಎರಡನೆಯದು ವಿನೋಬನಗರದ ಒಳ ಕ್ರಾಸು.
ಹಾಲಿನಲ್ಲಿ ಒಂಬತ್ತು ಮಂಚ,
ಹೆಂಗಸರಿಗೂ ಗಂಡಸರಿಗೂ ಒಂದೇ ಕತ್ತರಿಯ ಕ್ರಾಪು.
ಒಬ್ಬಾಕೆ ನನ್ನ ಅಂಗಿ ಹಿಡಿದರು:
ನೀನು ಶಂಕರಿ ಮಗ ಅಲ್ವಾ?
ಹೌದು, ಅಂದೆ.
ಆಮೇಲೆ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮನೆಯಲ್ಲೇ ಇಟ್ಟುಕೊಂಡಿದ್ದೆ, ಸುಳ್ಳಲ್ಲ. ಎಂಟು ತಿಂಗಳು.
ಬೆಳಗಿನ ಜಾವ ಗೇಟು ಹಾರಿ
ಹೊಳೆ ಸೇತುವೆ ಮೇಲೆ ಸಿಕ್ಕಿದ ಒಂದು ದಿನ, ಪಂಚೆಯಿಲ್ಲದೆ.
ಎಲ್ಲೋದ್ಯೋ ಹಾಲೇಶಿ, ಟೈಮಾಯ್ತು, ಎಂದು ನನಗೇ ಬೈದ.
ರುದ್ರಮ್ಮ ಬೇಡ ಅನ್ನಲಿಲ್ಲ.
ಬಚ್ಚಲಲ್ಲಿ ಅವನನ್ನು ಎತ್ತುವಾಗ
ಬೇಡ ಅಂದದ್ದು ನನ್ನ ಬೆನ್ನು.
ಭದ್ರಾವತಿಯ ತಂಗಿ ಮಗ ಅರ್ಧ ದುಡ್ಡು ಕಳಿಸುತ್ತಾನೆ,
ಮಾತು ಕಳಿಸುವುದಿಲ್ಲ.

ಮೂರನೆಯದು ಮಂಡ್ಲಿ ದಾಟಿ,
ತೀರ್ಥಹಳ್ಳಿ ರಸ್ತೆಗೆ ಅಂಟಿಕೊಂಡೇ ಇದೆ.
ಡಾಕ್ಟರು ಬರೆದುಕೊಟ್ಟಿದ್ದರು: ನಿಶ್ಶಬ್ದ ಇರಬೇಕು.
ಇಲ್ಲಿ ಲಾರಿ ಹೋದರೆ ತಟ್ಟೆ ಅಲುಗುತ್ತದೆ.
ಗೋಡೆಯ ಬಣ್ಣ ಕಿತ್ತಿದೆ, ಸಾರು ನೀರು.
ಕೈ ಒರೆಸಿಕೊಳ್ಳುತ್ತ ಬಂದ ಶಾಹಿದಕ್ಕ
ರೇಟು ಹೇಳುವ ಮುಂಚೆ ಕೇಳಿದಳು:
ಎಷ್ಟೊತ್ತಿಗೆ ಏಳ್ತಾರೆ?

ಮೂರೂ ಐವತ್ತಕ್ಕೆ. ಫಸ್ಟ್ ಗಾಡಿ.
ನಾನು ಏಳೋದು ನಾಲ್ಕೂವರೆಗೆ. ಅಲ್ಲೀತನಕ ಏನ್ ಮಾಡ್ತಾರೆ?
ಎಂಜಿನ್ ಬಿಸಿ ಮಾಡ್ತಾರೆ, ಅಂದೆ.
ಅವಳು ನಗಲಿಲ್ಲ.
ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಗೇಟಿನ ಬೀಗ ಎಳೆದು ನೋಡಿದೆ. ಗಟ್ಟಿಯಿತ್ತು.
ಗಟ್ಟಿಯಿದೆಯಲ್ಲ ಎಂದು ಸಮಾಧಾನವಾಯಿತು,
ಸಮಾಧಾನವಾಯಿತಲ್ಲ ಎಂದು
ಹೊಟ್ಟೆಯೊಳಗೆ ಏನೋ ಕಲಸಿತು.

ಖಾಲಿಯಿದ್ದದ್ದು ಎರಡು ಮಂಚ.
ಒಂದು ಫ್ಯಾನಿನ ಕೆಳಗೆ, ತಂಪಾಗಿತ್ತು.
ನಾವು ಅದರ ಬಗ್ಗೆ ಮಾತಾಡುತ್ತಿರುವಾಗಲೇ
ಪಾಸ್ಕಲಣ್ಣ ಹೋಗಿ ಇನ್ನೊಂದರ ಮೇಲೆ ಕೂತ:
ಬಲಗಡೆಯದು, ಕಿಟಕಿಯದು, ರಸ್ತೆ ಕಾಣುವಂಥದ್ದು.
ಒಂದು ಬಸ್ಸು ಹೋಯಿತು, ಗಾಜು ನಡುಗಿತು.
ಅವನು ಕಿವಿಗೊಟ್ಟು ಹೇಳಿದ:
ಕ್ಲಚ್ ಪ್ಲೇಟ್ ಹೋಗಿದೆ ಅದರದ್ದು.
ಒಂದು ವಾರದಲ್ಲಿ ಅವನ ಬಾಯಿಂದ ಬಂದ ಪೂರ್ತಿ ವಾಕ್ಯ.

ಇಲ್ಲಿನ ಕಾಗದದಲ್ಲೂ ಆ ಖಾಲಿ ಗೆರೆ ಇತ್ತು.
ಏನು ಬೇಕಾದ್ರೂ ಬರೀರಿ, ಅಂದಳು ಶಾಹಿದಕ್ಕ.
ಬರೆದೆ.

ಹೊರಡುವಾಗ ಕೇಳಿದ: ಕಲೆಕ್ಷನ್ ಎಷ್ಟಾಯ್ತೋ ಹಾಲೇಶಿ?
ಡೀಸೆಲ್ ಕಳೆದು ಪರವಾಗಿಲ್ಲ, ಅಂದೆ,
ದಿನಾ ರಾತ್ರಿ ಅಂದ ಹಾಗೆಯೇ.
ನಾನು ರೈಟ್ ಅನ್ನದೆ ಅವನು ಗಾಡಿ ಎತ್ತಿದವನಲ್ಲ.
ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ,
ಆ ಮಾತು ಆಡಲಾಗಲಿಲ್ಲ.
ಆಡದೆ, ನಾನೇ ಹೊರಟೆ.

ಸಿಟಿ ಬಸ್ಸಿನ ಹುಡುಗ, ಮೀಸೆಯೂ ಸರಿಯಾಗಿ ಬಂದಿಲ್ಲ,
ಟಿಕೆಟ್ಟಿನ ಹಿಂದೆ ಮೂರು ರೂಪಾಯಿ ಬಾಕಿ ಬರೆದುಕೊಟ್ಟ.
ದುರ್ಗಿಗುಡಿಯಲ್ಲಿ ಕೇಳದೆ ಇಳಿದೆ.
ಯಜಮಾನ್ರೇ ಚಿಲ್ಲರೆ, ಎಂದು ಅವನೇ ಕೂಗಿದ.
ಇರಲಿ ಇಟ್ಕೋ, ಅಂದೆ,
ನಾಳೆ ಇದೇ ಗಾಡಿಗೆ ಬರ್ತೀನಿ.